ಕಡಲಿನ ಜ್ವರ ಅಳೆಯುವ ಸದ್ದು

ಊರಿನ ಕಡಲತಡಿಯಿಂದ ಬಂದು ಮುಂಬಯಿಯ ಕಡಲತಡಿಯಲ್ಲಿ ನೆಲೆಸಿದ ನಮ್ಮ ಕರಾವಳಿ ಕನ್ನಡಿಗರಿಗೆ ಸಮುದ್ರ ಹೊಸತೇನಲ್ಲ. ಮೀನುಗಾರಿಕಾ ದೋಣಿಗಳ ಎಕೋ ಸೌಂಡರ್ ಯಂತ್ರವನ್ನು ಕಂಡವರೂ ನಮ್ಮಲ್ಲಿ ಅನೇಕರಿದ್ದಾರೆ. ದೋಣಿಯಡಿಯಿಂದ ಹೊರಟ ಸದ್ದು ಸಮುದ್ರದ ತಳಕ್ಕೆ ಬಡಿದು ಮರಳುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಎರಡು ಸೆಕೆಂಡಿಗೆ ಪ್ರತಿಧ್ವನಿ ಬಂದರೆ ಆಳವೂ ಅಷ್ಟೇ, 1,500 ಮೀಟರ್. ಗಟ್ಟಿ ಬಂಡೆಯಾದರೆ ಪ್ರತಿಧ್ವನಿ ಜೋರು, ಮೆತ್ತನೆಯ ಕೆಸರಾದರೆ ಕ್ಷೀಣ. ಹೀಗೆ ತಳದ ಗುಣವೂ ತಿಳಿಯುತ್ತದೆ.

ಇದೇ ಸದ್ದು ಕಡಲಿನ ಬಿಸಿಯನ್ನೂ ಹೇಳಬಲ್ಲದು ಎಂಬುದು ಹಲವರಿಗೆ ತಿಳಿಯದ ಸಂಗತಿ. ನೀರು ಒಂದು ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ಹೆಚ್ಚುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಬರುವ ಸದ್ದು ವರ್ಷದಿಂದ ವರ್ಷಕ್ಕೆ ಬೇಗ ತಲುಪುತ್ತಿದೆಯೆಂದರೆ ನಡುವಿನ ನೀರು ಕಾಯುತ್ತಿದೆ ಎಂದರ್ಥ. ಅಮೆರಿಕದ ವಿಜ್ಞಾನಿಗಳಾದ ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಶ್ 1979ರಲ್ಲಿ ಸದ್ದಿನಿಂದ ಸಾಗರವನ್ನು ಪರೀಕ್ಷಿಸುವ ಕ್ರಮವನ್ನು ಮುಂದಿಟ್ಟರು. 1991ರ ಜನವರಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಹರ್ಡ್ ದ್ವೀಪದ ಬಳಿ ಹಡಗಿನಿಂದ ಸದ್ದು ಹೊರಡಿಸಿದಾಗ ಅದು ಅಮೆರಿಕದ ಎರಡೂ ಕರಾವಳಿಗಳಲ್ಲಿ ಕೇಳಿಸಿತು! ಆದರೆ ಇಷ್ಟು ದೊಡ್ಡ ಸದ್ದಿನಿಂದ ತಿಮಿಂಗಿಲಗಳಿಗೆ ತೊಂದರೆಯಾದೀತೆಂಬ ಆಕ್ಷೇಪವೂ ಎದ್ದಿತು.

ಇದಕ್ಕೆ ಪರಿಹಾರ ಪ್ರಕೃತಿಯಲ್ಲಿಯೇ ದೊರೆಯಿತು. ಸಮುದ್ರದಡಿಯ ಭೂಕಂಪಗಳೂ ನೀರಿನಲ್ಲಿ ಸದ್ದು ಹೊರಡಿಸುತ್ತವೆ. ಸುಮಾತ್ರಾ ಪಕ್ಕದ ನಿಯಾಸ್ ದ್ವೀಪದ ಬಳಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗುವ ಭೂಕಂಪಗಳ ಸದ್ದು ಸುಮಾರು 3,000 ಕಿಲೋಮೀಟರ್ ದಾಟಿ, ಅರ್ಧ ಗಂಟೆಯಲ್ಲಿ ದಿಯೇಗೊ ಗಾರ್ಸಿಯಾ ದ್ವೀಪ ತಲುಪುತ್ತದೆ. ಅಲ್ಲಿ 2005ರಿಂದ 2016ರವರೆಗೆ ದಾಖಲಾದ ಸದ್ದುಗಳನ್ನು ವೆನ್ಬೊ ವು ಮತ್ತು ಸಂಗಡಿಗರು ಹೋಲಿಸಿ ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರ ವ್ಯತ್ಯಾಸಗಳಿಂದ ಅವರು ಕಂಡುಕೊಂಡದ್ದು, ಆ ಭಾಗದ ಸಾಗರ ದಶಕಕ್ಕೆ 0.044 ಡಿಗ್ರಿಯಂತೆ ಕಾದಿದೆ ಎಂಬುದನ್ನು. ಹಿಂದಿನ ಅಂದಾಜಿಗಿಂತ ಇದು ಹೆಚ್ಚು. ಅಳತೆ ಮಾಡುವ ಆರ್ಗೋ ತೇಲುಯಂತ್ರಗಳು ಸಾಮಾನ್ಯವಾಗಿ ಇಳಿಯುವುದು 2,000 ಮೀಟರ್‌ವರೆಗೆ. ಸದ್ದು ಅದಕ್ಕೂ ಕೆಳಗಿನ ನೀರಿನ ಸುದ್ದಿ ತರುತ್ತದೆ.

0.044 ಡಿಗ್ರಿ ಎಂದರೆ ಏನು ಮಹಾ ಎಂದು ಕೇಳಬಹುದು. ಇದು ಒಂದು ಕೊಡ ನೀರಿನ ಲೆಕ್ಕವಲ್ಲ, ಆ ಭಾಗದ ಆಳ ಕಡಲಿನ ಲೆಕ್ಕ. ಅಷ್ಟು ನೀರನ್ನು ಕಾಯಿಸಲು ಬೇಕಾದ ಶಾಖ ಅಪಾರ. ಕಾದ ನೀರು ಹಿಗ್ಗಿ ಕಡಲ ಮಟ್ಟ ಏರುತ್ತದೆ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ, ಮಳೆಗಾಲದ ಭರತದ ದಿನ ಮುಂಬಯಿಯ ರಸ್ತೆಗಳಲ್ಲಿ ನೀರು ನಿಲ್ಲುವುದನ್ನು ಅನುಭವಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮುಂಗಾರು, ಚಂಡಮಾರುತ, ಬೂತಾಯಿ ಬಂಗುಡೆಯ ಸುಗ್ಗಿ ಎಲ್ಲಕ್ಕೂ ಕಡಲಿನ ಬಿಸಿಯೊಂದಿಗೆ ನಂಟಿದೆ.

ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಮೀನುಗಾರರಿಗೆ ನೀಡುತ್ತ ಬಂದಿದೆ. ನಮ್ಮ ಸಂಘ ಸಂಸ್ಥೆಗಳು ವಾರ್ಷಿಕೋತ್ಸವಗಳ ನಡುವೆ ಒಂದು ಸಂಜೆಯನ್ನು ಇಂತಹ ವಿಷಯಕ್ಕೂ ಮೀಸಲಿಟ್ಟು, ಮಕ್ಕಳ ಜೊತೆಗೆ ಕಡಲನ್ನು ಬಲ್ಲ ಹಿರಿಯರನ್ನೂ ಕೂರಿಸಿದರೆ ಇಬ್ಬರಿಗೂ ಲಾಭ.