ತೆಂಗಿನಕಾಯಿಗೆ ಎರಡೇ ಸೆಕೆಂಡು

ಮಕ್ಕಳೇ, ಜಯನಗರ, ಬನಶಂಕರಿಯ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಎತ್ತರದ ತೆಂಗಿನ ಮರಗಳನ್ನು ನೀವು ನೋಡಿರುತ್ತೀರಿ. ಅವುಗಳ ಕೆಳಗೆ ಆಡಲು ಹೋದರೆ ಅಜ್ಜಿ ಗದರುತ್ತಾರೆ. “ಕಾಯಿ ಬಿದ್ದರೆ ಓಡಿಬಿಡುತ್ತೇವೆ” ಎಂದು ನೀವು ಹೇಳಬಹುದು. ಓಡಲು ಸಮಯ ಸಿಗುತ್ತದೆಯೇ? ಲೆಕ್ಕ ಹಾಕಿ ನೋಡೋಣ.

ಭೂಮಿ ಎಲ್ಲ ವಸ್ತುಗಳನ್ನೂ ತನ್ನ ಕೇಂದ್ರದತ್ತ ಸೆಳೆಯುತ್ತದೆ. ಇದೇ ಗುರುತ್ವಾಕರ್ಷಣೆ. ಈ ಸೆಳೆತದಿಂದಾಗಿ ಬೀಳುವ ವಸ್ತುವಿನ ವೇಗ ಒಂದೇ ಸಮನಾಗಿರುವುದಿಲ್ಲ. ಅದು ಹೆಚ್ಚುತ್ತಲೇ ಹೋಗುತ್ತದೆ. ಒಂದೊಂದು ಸೆಕೆಂಡು ಕಳೆದಂತೆ ವೇಗಕ್ಕೆ ಸೆಕೆಂಡಿಗೆ 9.8 ಮೀಟರ್ ಸೇರುತ್ತದೆ. ಇದನ್ನು ಗುರುತ್ವ ವೇಗೋತ್ಕರ್ಷ ಎನ್ನುತ್ತಾರೆ. ನಮ್ಮ ಲೆಕ್ಕಕ್ಕೆ 10 ಎಂದು ಇಟ್ಟುಕೊಳ್ಳೋಣ.

ಮರದ ಎತ್ತರ 20 ಮೀಟರ್ ಎಂದುಕೊಳ್ಳಿ. ತೊಟ್ಟು ಕಳಚಿದಾಗ ಕಾಯಿಯ ವೇಗ ಸೊನ್ನೆ. ಒಂದು ಸೆಕೆಂಡಿನ ನಂತರ ವೇಗ ಸೆಕೆಂಡಿಗೆ 10 ಮೀಟರ್. ಸರಾಸರಿ ವೇಗ 5. ಆದ್ದರಿಂದ ಮೊದಲ ಸೆಕೆಂಡಿನಲ್ಲಿ ಕಾಯಿ ಇಳಿಯುವುದು 5 ಮೀಟರ್ ಮಾತ್ರ. ಎರಡನೆಯ ಸೆಕೆಂಡಿನಲ್ಲಿ ವೇಗ 10ರಿಂದ 20ಕ್ಕೆ ಏರುತ್ತದೆ. ಸರಾಸರಿ 15. ಅಂದರೆ ಇನ್ನೂ 15 ಮೀಟರ್. ಒಟ್ಟು 20 ಮೀಟರ್. ಕಾಯಿ ನೆಲ ಮುಟ್ಟಿತು!

ಆಗ ಅದರ ವೇಗ ಗಂಟೆಗೆ 72 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸಿನಷ್ಟು! ತೊಟ್ಟು ಮುರಿದ ಸದ್ದು ಕೇಳಿ, ತಲೆಯೆತ್ತಿ ನೋಡುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಉಳಿಯುವುದು ಇನ್ನೊಂದೇ ಸೆಕೆಂಡು.

ಭಾರವಾದ ಕಾಯಿ ಬೇಗ, ಸಣ್ಣ ಕಾಯಿ ನಿಧಾನವಾಗಿ ಬೀಳುತ್ತದೆಯೇ? ಇಲ್ಲ. ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ನೆಲ ಸೇರುತ್ತವೆ. ಒಣಗರಿ ತೇಲುತ್ತಾ ಬೀಳುವುದಕ್ಕೆ ಗಾಳಿಯ ತಡೆ ಕಾರಣ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು!

ಮೇಲಕ್ಕೆ ಎಸೆದ ಚೆಂಡಿಗೂ ಇದೇ ನಿಯಮ. ಏರುವಾಗ ವೇಗ ಸೆಕೆಂಡಿಗೆ 10ರಂತೆ ಕಡಿಮೆಯಾಗುತ್ತದೆ. ತುತ್ತತುದಿಯಲ್ಲಿ ವೇಗ ಕ್ಷಣಕಾಲ ಸೊನ್ನೆ. ಆದರೆ ಭೂಮಿಯ ಸೆಳೆತ ಸೊನ್ನೆಯಲ್ಲ. ಆದ್ದರಿಂದಲೇ ಚೆಂಡು ಅಲ್ಲಿ ನಿಲ್ಲದೆ ಮರಳಿ ಬರುತ್ತದೆ.

ಮಾಡಿ ನೋಡಿ: ಮೈದಾನದಲ್ಲಿ ರಬ್ಬರ್ ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದು ಹಿಡಿಯಿರಿ. ಗೆಳೆಯರು ಗಡಿಯಾರದಲ್ಲಿ ಸಮಯ ಅಳೆಯಲಿ. 2 ಸೆಕೆಂಡು ಆದರೆ ಏರಲು 1, ಇಳಿಯಲು 1. ಹಾಗಾದರೆ ಚೆಂಡು ಏರಿದ ಎತ್ತರ ಎಷ್ಟು? ಉತ್ತರ ಮೇಲಿನ ಲೆಕ್ಕದಲ್ಲಿಯೇ ಇದೆ.

ನೆನಪಿಡಿ: ಮಹಡಿಯಿಂದ ಕಲ್ಲು ಎಸೆಯಬೇಡಿ. ಬಾಲ್ಕನಿಯ ಗೋಡೆಯ ಮೇಲೆ ಹೂಕುಂಡ ಇಡಬೇಡಿ. ಕೆಳಗೆ ನಡೆಯುವವರಿಗೂ ಸಿಗುವುದು ಅದೇ ಒಂದೆರಡು ಸೆಕೆಂಡು.