ಉನ್ಮಾದ–ಖಿನ್ನತೆಯ ಸಂಶೋಧನೆ ಮತ್ತು ಜನಪದರ ಕಾಲಗಣನೆ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯನ್ನು ಅನುಲಕ್ಷಿಸಿ

ಉನ್ಮಾದ–ಖಿನ್ನತೆ ಕಾಯಿಲೆ, ಅಂದರೆ ಇಂದಿನ ವೈದ್ಯಕೀಯ ಪರಿಭಾಷೆಯ ಬೈಪೋಲಾರ್ ಕಾಯಿಲೆ, ಒಂದು ದಿನದ ಪರೀಕ್ಷೆಯಲ್ಲಿ ಪೂರ್ಣವಾಗಿ ಗೋಚರಿಸುವಂಥದ್ದಲ್ಲ. ರಕ್ತಪರೀಕ್ಷೆಯಾಗಲಿ ಮಿದುಳಿನ ಚಿತ್ರವಾಗಲಿ ಅದನ್ನು ಖಚಿತವಾಗಿ ತೋರಿಸಿಕೊಡುವುದಿಲ್ಲ. ಕೆಲವು ದಿನ ಅಥವಾ ವಾರಗಳ ಕಾಲ ನಿದ್ದೆಯೇ ಬೇಡವೆನ್ನುವಂತೆ ಉಬ್ಬಿದ ಮನಸ್ಸು, ತಡೆಯಿಲ್ಲದ ಮಾತು, ಕೈಮೀರಿದ ಖರ್ಚು. ಮತ್ತೊಂದು ಕಾಲದಲ್ಲಿ ಎದ್ದು ಕೂರಲೂ ಆಗದಷ್ಟು ಕುಗ್ಗಿದ ಮನಸ್ಸು. ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸ್ವಸ್ಥ ಬದುಕು. ಜರ್ಮನಿಯ ಎಮಿಲ್ ಕ್ರೆಪೆಲಿನ್ 1899ರಲ್ಲಿ ಈ ಏರಿಳಿತಗಳನ್ನು ಒಂದೇ ಕಾಯಿಲೆಯೆಂದು ನಿರೂಪಿಸಿದ್ದು, ಅವು ಕಾಲದಲ್ಲಿ ಸಾಗುವ ಗತಿಯನ್ನು ಆಧರಿಸಿಯೇ. ಹೀಗೆ ಕಾಲವೇ ಈ ಕಾಯಿಲೆಯ ಪ್ರಧಾನ ಸಾಕ್ಷಿ. ಆ ಸಾಕ್ಷ್ಯ ಉಳಿದಿರುವುದು ರೋಗಿಯ ಮತ್ತು ಮನೆಯವರ ನೆನಪಿನಲ್ಲಿ, ಅವರ ಆಡುಮಾತಿನಲ್ಲಿ. ಈ ನೆನಪು ಸಂಶೋಧನೆಯ ಆಧಾರವಾಗುವ ಬಗೆಯನ್ನು ಒಬ್ಬ ಚಿಕಿತ್ಸಾ ಮನೋವಿಜ್ಞಾನಿಯ ವಿದ್ವತ್ ಜೀವನದ ಮೂಲಕ ಗಮನಿಸಿ, ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಜನಭಾಷೆಗೆ ಅದನ್ನು ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕ್ಷೇತ್ರದಲ್ಲಿ ಅಗ್ರಗಣ್ಯರಾದವರು ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್. 1946ರಲ್ಲಿ ಜನಿಸಿದ ಅವರು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನವನ್ನು ವ್ಯಾಸಂಗ ಮಾಡಿ, 1974ರಲ್ಲಿ ಅಲ್ಲಿಯೇ ಮನೋವೈದ್ಯ ವಿಭಾಗದ ಅಧ್ಯಾಪಕರಾದರು. ಮುಂದೆ ಮನೋಭಾವದ ಕಾಯಿಲೆಗಳಿಗೆಂದೇ ಮೀಸಲಾದ ಚಿಕಿತ್ಸಾಲಯವನ್ನು ಸ್ಥಾಪಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವನ್ನು ಸೇರಿದರು. ಫ್ರೆಡರಿಕ್ ಗುಡ್‌ವಿನ್ ಅವರೊಡನೆ 1990ರಲ್ಲಿ ಪ್ರಕಟಿಸಿದ ‘ಮ್ಯಾನಿಕ್–ಡಿಪ್ರೆಸಿವ್ ಇಲ್‌ನೆಸ್’ ಈ ಕಾಯಿಲೆಯ ಆಕರಗ್ರಂಥವಾಯಿತು. ಅದರ ಎರಡನೆಯ ಆವೃತ್ತಿ 2007ರಲ್ಲಿ ಬಂದಿತು.

ಅಧ್ಯಾಪಕಿಯಾದ ಕೆಲವೇ ತಿಂಗಳಲ್ಲಿ ಜೇಮಿಸನ್ ಸ್ವತಃ ತೀವ್ರ ಉನ್ಮಾದಕ್ಕೆ ಒಳಗಾಗಿದ್ದರು. ಲಿಥಿಯಂ ಔಷಧವನ್ನು ಹಲವು ಬಾರಿ ನಿಲ್ಲಿಸಿ, ಸಾವಿನ ಅಂಚಿಗೂ ಹೋಗಿ ಬಂದ ಸಂಗತಿಯನ್ನು 1995ರ ‘ಆ್ಯನ್ ಅನ್‌ಕ್ವಾಯೆಟ್ ಮೈಂಡ್’ ಕೃತಿಯಲ್ಲಿ ಬಹಿರಂಗಪಡಿಸಿದರು. ಉನ್ಮಾದದ ಆರಂಭಿಕ ಹಂತ ರೋಗಿಗೆ ಕಾಯಿಲೆಯೆಂದು ತೋರುವುದೇ ಇಲ್ಲ, ಅದು ಶಕ್ತಿಯಾಗಿ, ಸುಖವಾಗಿ ತೋರುತ್ತದೆ. ಔಷಧವನ್ನು ಕೈಬಿಡುವುದಕ್ಕೆ ಇದೂ ಒಂದು ಪ್ರಬಲ ಕಾರಣ. ಈ ವಿಚಾರ ಅವರ ಸಂಶೋಧನೆಯಲ್ಲಿಯೂ ಆತ್ಮಕಥನದಲ್ಲಿಯೂ ಕಾಣಿಸಿಕೊಳ್ಳುತ್ತದೆ. ‘ಬೈಪೋಲಾರ್’ ಎಂಬ ಹೊಸ ಪದಕ್ಕಿಂತ ‘ಉನ್ಮಾದ–ಖಿನ್ನತೆ’ ಎಂಬ ಹಳೆಯ ಹೆಸರೇ ಅನುಭವಕ್ಕೆ ಹತ್ತಿರವೆಂದು ಅವರು ವಾದಿಸಿದ್ದುಂಟು. ಹೆಸರಿಡುವ ಕ್ರಿಯೆ ಮನೋವಿಜ್ಞಾನಿಗೆ ಎಷ್ಟು ಮುಖ್ಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಕರ್ನಾಟಕದಲ್ಲಿ ಚಿಕಿತ್ಸಾ ಮನೋವಿಜ್ಞಾನಕ್ಕೆ ಶಾಸ್ತ್ರೀಯ ನೆಲೆ ದೊರೆತದ್ದು 1954ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಿಂದ. 1955ರಿಂದ ಅಲ್ಲಿ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ತರಬೇತಿ ನಡೆಯಿತು. 1974ರಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಜನಭಾಷೆಯ ದೃಷ್ಟಿಯಿಂದ ಇಲ್ಲಿ ಉಲ್ಲೇಖನೀಯವಾದುದು ಕರಾವಳಿಯ ಕೋಟ ಗ್ರಾಮದ ಅಧ್ಯಯನ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್‌ಸ್ಟೇರ್ಸ್ ನಡೆಸಿದ ಈ ಅಧ್ಯಯನ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಹೊರಬಂದಿತು. ಇಂಥ ಸಮೀಕ್ಷೆಗೆ ಭಾರತೀಯ ಸನ್ನಿವೇಶಕ್ಕೆ ಹೊಂದುವ ಸಂದರ್ಶನ ಪತ್ರಿಕೆಯನ್ನು ರೂಪಿಸುವುದರಲ್ಲಿ ಚಿಕಿತ್ಸಾ ಮನೋವಿಜ್ಞಾನಿ ಮಾಲವಿಕಾ ಕಪೂರ್ ಸಹಭಾಗಿಯಾಗಿದ್ದರು. ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ದೇಸಿ ಚಿಕಿತ್ಸಕರನ್ನು ಆ ಅಧ್ಯಯನ ಪ್ರತ್ಯೇಕವಾಗಿ ಗುರುತಿಸಿತು.

ಕೋಟದಲ್ಲಿ ನಡೆದ ಕೆಲಸದ ರೀತಿ ಬಯಲುಸೀಮೆಗೂ ಪ್ರಸ್ತುತವಾದುದು, ಆದರೆ ಪದಕೋಶ ಬೇರೆ. ಮಧುಗಿರಿಯ ದಂಡಿನ ಮಾರಮ್ಮ, ಸಿರಾ ಭಾಗದ ಕಾಡುಗೊಲ್ಲರ ಜುಂಜಪ್ಪ, ಪಾವಗಡದ ಶನಿಮಹಾತ್ಮ, ಕೊರಟಗೆರೆಯ ಸಿದ್ಧರಬೆಟ್ಟ ಈ ಸೀಮೆಯ ಜನ ಕಷ್ಟಕಾಲದಲ್ಲಿ ನೆನೆಯುವ ನೆಲೆಗಳು. ಮನಸ್ಸಿನ ತೊಂದರೆಯನ್ನು ಹೇಳುವ ಮಾತುಗಳೂ ಈ ಲೋಕದೊಳಗಿನವು. ಕುಗ್ಗಿದ ಸ್ಥಿತಿಗೆ ‘ಮಂಕು ಕವಿದಿದೆ’, ‘ಗಾಳಿ ಸೋಕಿದೆ’, ‘ಯಾರೋ ಮಾಡಿಸಿದ್ದಾರೆ’ ಎಂಬ ಮಾತುಗಳಿವೆ. ಅದು ಸಂಕಟವೆಂದು ಮನೆಯವರು ಒಪ್ಪುತ್ತಾರೆ, ತಾಯತ ಕಟ್ಟಿಸುತ್ತಾರೆ, ಹರಕೆ ಹೊರುತ್ತಾರೆ. ಉಬ್ಬಿದ ಸ್ಥಿತಿಗೆ ಬಳಕೆಯಾಗುವುದು ‘ಸೊಕ್ಕು’, ‘ಕೊಬ್ಬು’, ‘ಪಿತ್ತ ನೆತ್ತಿಗೇರಿದೆ’ ಎಂಬಂಥ ಮಾತು. ಅಂದರೆ ಕಾಯಿಲೆಯ ಒಂದು ಮುಖ ಸಂಕಟವೆನಿಸಿದರೆ ಇನ್ನೊಂದು ಮುಖ ನಡತೆಗೇಡು ಎನಿಸಿಕೊಳ್ಳುತ್ತದೆ. ಸಾಲ ಮಾಡಿ ದನ ಕೊಂಡವನನ್ನು, ರಾತ್ರಿಯೆಲ್ಲ ಹಾಡಿ ಊರೂರು ಅಲೆದವಳನ್ನು ಬೈದು ಹೊಡೆದು ಸರಿಪಡಿಸಲು ನೋಡುತ್ತಾರೆ. ಆಸ್ಪತ್ರೆಗೆ ಬಂದಾಗ ಆ ಸಂಗತಿಯನ್ನು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಖಿನ್ನತೆಯನ್ನು ಮಾತ್ರ ಕೇಳಿ ತಿಳಿದ ವೈದ್ಯರು ಖಿನ್ನತೆ ನಿವಾರಕವೊಂದನ್ನೇ ಕೊಟ್ಟರೆ, ಬೈಪೋಲಾರ್ ರೋಗಿಯಲ್ಲಿ ಅದು ಉನ್ಮಾದವನ್ನು ಕೆರಳಿಸುವ ಅಪಾಯವಿದೆ. ಆದ್ದರಿಂದ ‘ಹಿಂದೆ ಎಂದಾದರೂ ಸೊಕ್ಕಿದಂತೆ ಆಡಿದ್ದುಂಟೆ, ಆಗ ಎಷ್ಟು ರಾತ್ರಿ ಮಲಗಿರಲಿಲ್ಲ’ ಎಂಬ ಪ್ರಶ್ನೆಯನ್ನು ಊರಿನ ಮಾತಿನಲ್ಲಿಯೇ ಕೇಳಬೇಕಾಗುತ್ತದೆ. ಬಹುಭಾಗ ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲಿ ಕೇಳಬೇಕು.

ಎರಡನೆಯದು ಕಾಲನಿರ್ಣಯದ ಪ್ರಶ್ನೆ. ಉನ್ಮಾದ ಮತ್ತು ಖಿನ್ನತೆಯ ಸರದಿಗಳನ್ನು ವರ್ಷವಾರು ರೇಖೆಯಾಗಿ ಗುರುತಿಸುವ ‘ಜೀವನಪಟ’ ಈ ಕಾಯಿಲೆಯ ಸಂಶೋಧನೆಯ ಮುಖ್ಯ ಸಾಧನ. ತಾರೀಖು ಕೇಳಿದರೆ ಹಳ್ಳಿಯ ಮನೆಗಳಲ್ಲಿ ಉತ್ತರ ಅಸ್ಪಷ್ಟವಾಗಬಹುದು. ಮಳೆಯ ಹೆಸರಿನಲ್ಲಿ ಕೇಳಿದರೆ ನೆನಪು ಖಚಿತಗೊಳ್ಳುವ ಸಾಧ್ಯತೆ ಹೆಚ್ಚು. ಸೂರ್ಯನ ವಾರ್ಷಿಕ ಗತಿಯನ್ನು 27 ನಕ್ಷತ್ರಗಳಿಗೆ ಹಂಚಿದ ಈ ಗಣನೆಯಲ್ಲಿ ಪ್ರತಿ ಮಳೆಯ ಅವಧಿ ಸುಮಾರು 13ರಿಂದ 14 ದಿನ. ಆರಿದ್ರೆ ಜೂನ್ ಕೊನೆಯ ಹೊತ್ತಿಗೆ ಹುಟ್ಟುತ್ತದೆ, ಸ್ವಾತಿ ಅಕ್ಟೋಬರ್ ಕೊನೆಯ ಹೊತ್ತಿಗೆ. ರೋಗನಿರ್ಣಯದ ಅಂತರರಾಷ್ಟ್ರೀಯ ಮಾನದಂಡದಂತೆ ಉನ್ಮಾದಕ್ಕೆ ಕನಿಷ್ಠ ಒಂದು ವಾರ, ಖಿನ್ನತೆಗೆ ಕನಿಷ್ಠ ಎರಡು ವಾರ ಬೇಕು. ತಿಂಗಳೆಂಬ ಅಳತೆಗಿಂತ ಒಂದು ಮಳೆಯೆಂಬ ಅಳತೆ ಈ ಮಾನದಂಡಕ್ಕೆ ಹೆಚ್ಚು ಸಮೀಪವಾದುದು. ‘ಕಡಲೆಕಾಯಿ ಬಿತ್ತುವಾಗ ಸರಿಯಿದ್ದ, ಕೀಳುವ ಹೊತ್ತಿಗೆ ಹಾಸಿಗೆ ಹಿಡಿದ’ ಎಂಬಂಥ ಒಂದು ವಾಕ್ಯ ಜೀವನಪಟದಲ್ಲಿ ಎರಡು ಬಿಂದುಗಳನ್ನು ಗುರುತಿಸುತ್ತದೆ. ವರ್ಷವನ್ನು ನಿರ್ಧರಿಸಲು ಬರಗಾಲ, ಜಾತ್ರೆ, ಮನೆಯ ಮದುವೆ, ಕೆರೆ ಕೋಡಿ ಬಿದ್ದ ಸಂದರ್ಭಗಳು ಒದಗುತ್ತವೆ. ಮೌಖಿಕ ಪರಂಪರೆಯ ಕಾಲನಿರ್ಣಯದಲ್ಲಿ ಜಾನಪದ ಸಂಶೋಧಕರು ಬಳಸುತ್ತ ಬಂದ ಕ್ರಮವಿದು.

ಮೂರನೆಯದು ‘ಮೈಮೇಲೆ ಬರುವುದು’. ಆಚರಣೆಯ ಆವೇಶಕ್ಕೆ ಸ್ಥಳವಿದೆ, ವಾರವಿದೆ, ವಾದ್ಯವಿದೆ; ಮಂಗಳಾರತಿಯಾದ ಮೇಲೆ ದೇವರು ಇಳಿಯುತ್ತದೆ, ಮರುದಿನ ಆ ವ್ಯಕ್ತಿ ಎಂದಿನಂತೆ ಆರಂಭದ ಕೆಲಸಕ್ಕೆ ಹೋಗುತ್ತಾನೆ. ಸಮುದಾಯ ಅದನ್ನು ಕಾಯಿಲೆಯೆಂದು ಕರೆಯುವುದಿಲ್ಲ. ಇಂದಿನ ಮನೋವೈದ್ಯ ವರ್ಗೀಕರಣವೂ ಸಂಸ್ಕೃತಿ ಒಪ್ಪಿದ ಆವೇಶವನ್ನು ಕಾಯಿಲೆಯಿಂದ ಹೊರಗಿಡುತ್ತದೆ. ಉನ್ಮಾದಕ್ಕೆ ಇಂಥ ಕಟ್ಟುಗಳಿಲ್ಲ. ಉನ್ಮಾದಗೊಂಡ ವ್ಯಕ್ತಿಯೂ ತಾನೇ ದೇವರೆನ್ನಬಹುದು, ಆದರೆ ಅದು ದಿನಗಟ್ಟಲೆ ಮುಂದುವರಿಯುತ್ತದೆ. ‘ಇದು ನಮ್ಮ ದೇವರು ಬರುವ ರೀತಿಯಲ್ಲ’ ಎಂದು ಪೂಜಾರಿಯೇ ಹೇಳಿದರೆ ಆ ಮಾತಿಗೆ ರೋಗಪತ್ತೆಯ ಮೌಲ್ಯವಿದೆ.

ಔಷಧದ ವಿಷಯದಲ್ಲಿಯೂ ಆಚರಣೆಯ ತಿಳಿವಳಿಕೆ ಅಗತ್ಯ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ಚಿಕಿತ್ಸೆಯಲ್ಲಿ ಅದರ ಉಪಯೋಗವನ್ನು ವರದಿ ಮಾಡಿದ ಲಿಥಿಯಂ ಇಂದಿಗೂ ಪ್ರಮುಖ ಔಷಧ. ದೇಹದಲ್ಲಿ ಉಪ್ಪು ಮತ್ತು ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯಕರವಾಗಿ ಏರಬಲ್ಲದು. ಬಿಸಿಲಿನ ಹೊಲದ ದುಡಿಮೆ, ಉಪ್ಪು ಬಿಟ್ಟು ಹಿಡಿಯುವ ವ್ರತ, ನೀರು ಸಹ ಮುಟ್ಟದ ಉಪವಾಸ ಇವು ಈ ಕಾರಣಕ್ಕೆ ವೈದ್ಯರು ಕೇಳಲೇಬೇಕಾದ ವಿವರಗಳು. ಹರಕೆಯನ್ನು ಅಲ್ಲಗಳೆಯದೆ, ಅದನ್ನು ಬೇರೆ ರೀತಿಯಲ್ಲಿ ತೀರಿಸುವ ದಾರಿಯನ್ನು ಮನೆಯವರೊಡನೆ ಕಂಡುಕೊಳ್ಳಬಹುದು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಕಾಯಿಲೆಯುಳ್ಳವರಲ್ಲಿ ನೂರಕ್ಕೆ ಸುಮಾರು 70 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಸಮೀಕ್ಷೆಯನ್ನು ಸಂಯೋಜಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಆದರೂ, ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯಿಂದ (14416) ಹಳ್ಳಿಯ ಮನೆಗೂ ಮನೋವಿಜ್ಞಾನಿಗೂ ನಡುವಿನ ಅಂತರ ಕಡಿಮೆಯಾಗಿದೆ. ದೂರವಾಣಿಯ ಆ ಬದಿಯಲ್ಲಿ ಕುಳಿತವರಿಗೆ ರೋಗಿಯ ಮುಖವೂ ಕಾಣದು, ಮನೆಯೂ ಕಾಣದು. ಮಾತು ಮಾತ್ರ ಕೇಳುತ್ತದೆ. ‘ಸೊಕ್ಕು’ ಎಂಬ ಬೈಗುಳದ ಹಿಂದೆ ಏಳು ರಾತ್ರಿಗಳ ನಿದ್ದೆಗೇಡು ಅಡಗಿರಬಹುದೆಂದು ತಿಳಿದವರು ಮಾತ್ರ ಮುಂದಿನ ಪ್ರಶ್ನೆಯನ್ನು ಕೇಳಬಲ್ಲರು. ಈ ನಾಲ್ಕು ತಾಲ್ಲೂಕುಗಳ ಮನೋವ್ಯಾಧಿ ಸಂಬಂಧಿ ನುಡಿಗಟ್ಟುಗಳನ್ನೂ ಮಳೆ, ಬೆಳೆ, ಜಾತ್ರೆಗಳ ಕಾಲಸೂಚಿಯನ್ನೂ ಜಾನಪದ ತಜ್ಞರು ಮತ್ತು ಚಿಕಿತ್ಸಾ ಮನೋವಿಜ್ಞಾನಿಗಳು ಜೊತೆಗೂಡಿ ಸಿದ್ಧಪಡಿಸುವುದು ಆದ್ದರಿಂದ ತುರ್ತಾಗಿ ಆಗಬೇಕಾದ ಕೆಲಸವಾಗಿದೆ.