ಬಸಿಯುವಿಕೆಯ ತತ್ತ್ವ: ಮೊಳಕೆಧಾನ್ಯದ ರಸವೂ ದಖನಿನ ಧಾನ್ಯಗಳೂ

ಅನ್ನದ ಗಂಜಿಯನ್ನು ತೆಗೆಯುವುದಕ್ಕೂ, ಬೇಳೆ ಸೊಪ್ಪುಗಳು ಬೆಂದ ನೀರನ್ನು ಬೇರ್ಪಡಿಸಿ ಬಸ್ಸಾರು ಮಾಡುವುದಕ್ಕೂ, ಹೊಲದ ಹೆಚ್ಚಿನ ನೀರನ್ನು ಹೊರಗೊಯ್ಯುವ ಬಸಿಗಾಲುವೆಗೂ ಕನ್ನಡದಲ್ಲಿ 'ಬಸಿ' ಎಂಬುದೊಂದೇ ಧಾತು ಸಲ್ಲುತ್ತದೆ. ಘನವಸ್ತುವನ್ನು ಹಿಂಡದೆ, ದ್ರವವು ತನ್ನ ಭಾರದಿಂದಲೇ ಇಳಿದುಬರುವಂತೆ ಮಾಡುವುದು ಈ ಕ್ರಿಯೆಯ ಲಕ್ಷಣ. ಮೊಳೆಯಿಸಿ ಒಣಗಿಸಿದ ಜವೆಗೋದಿಯ ನುಚ್ಚನ್ನು ಬಿಸಿನೀರಿನಲ್ಲಿ ಕಲಸಿಟ್ಟು, ಇಂಗ್ಲಿಷಿನಲ್ಲಿ 'ವರ್ಟ್' ಎನ್ನಿಸಿಕೊಳ್ಳುವ ಸಿಹಿರಸವನ್ನು ತೆಗೆಯುವ ಕಾರ್ಯವೂ ಬಸಿಯುವಿಕೆಯೇ ಆಗಿದೆ. ಬಿಯರ್ ತಯಾರಿಕೆಯಲ್ಲಿ ಇದು ಆರಂಭದ ಘಟ್ಟಗಳಲ್ಲೊಂದು. ಅನೇಕ ವೇಳೆ ಕೆಲಸವು ಕೆಡುವುದೂ ಇಲ್ಲಿಯೇ.

ಈ ಕ್ರಿಯೆಯ ನಿಯಮವನ್ನು ಕಂಡುಕೊಂಡವನು ಮದ್ಯದ ಕಸುಬಿನವನಲ್ಲ. ಫ್ರಾನ್ಸಿನ ದಿಜೋನ್ ನಗರಕ್ಕೆ ನೀರೊದಗಿಸಿದ ಇಂಜಿನಿಯರ್ ಹೆನ್ರಿ ಡಾರ್ಸಿಯು ಮರಳಿನ ಮೂಲಕ ನೀರು ಇಳಿಯುವ ಬಗೆಯನ್ನು ಪರೀಕ್ಷಿಸಿ 1856ರಲ್ಲಿ ಅದನ್ನು ಪ್ರಕಟಿಸಿದನು. ಹಾಸಿನ ವಿಸ್ತಾರವೂ ಒತ್ತಡದ ಅಂತರವೂ ಹೆಚ್ಚಿದಷ್ಟು ಹರಿವು ಹೆಚ್ಚುವುದು; ಹಾಸು ದಪ್ಪವಾದಷ್ಟೂ ದ್ರವ ಮಂದವಾದಷ್ಟೂ ಕುಗ್ಗುವುದು. 1920ರಲ್ಲಿ ಪೂರ್ಣಗೊಂಡ ಉಸ್ಮಾನ್ ಸಾಗರದ ನೀರನ್ನು ಹೈದರಾಬಾದಿಗಾಗಿ ತಿಳಿಗೊಳಿಸಿದ ಆಸಿಫ್‌ನಗರದ ಶೋಧಕ ಹಾಸುಗಳಿಗೂ ಧಾನ್ಯದ ಪಾತ್ರೆಗೂ ನಿಯಮವೊಂದೇ. ಭೇದವಿಷ್ಟೆ: ಮರಳು ಒತ್ತಡಕ್ಕೆ ಬಗ್ಗದು, ನೆನೆದ ಧಾನ್ಯವು ಕುಸಿದು ಬಿಗಿಯುತ್ತದೆ. ಆದುದರಿಂದ ರಸವು ಬೇಗ ಬರಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ, ಹಾಸು ತಳದ ಜಾಲರಿಗೆ ಒತ್ತಿಕೊಂಡು ಹರಿವು ನಿಂತೇಹೋಗುತ್ತದೆ. ಇಲ್ಲಿ ಅವಸರವೇ ವಿಳಂಬಕ್ಕೆ ಕಾರಣ.

ಪರಿಹಾರಗಳೆಲ್ಲವೂ ಈ ತತ್ತ್ವದಿಂದಲೇ ಹೊರಡುತ್ತವೆ. ಮೊದಲನೆಯದಾಗಿ, ಜವೆಯ ಹೊಟ್ಟೇ ನಿಜವಾದ ಶೋಧಕ. ಜಾಲರಿಯು ಅದಕ್ಕೆ ಆಧಾರ ಮಾತ್ರ. ಬೀಸುವಾಗ ಕಾಳು ಒಡೆದು ಹೊಟ್ಟು ಇಡಿಯಾಗಿ ಉಳಿಯಬೇಕು. ಎರಡನೆಯದಾಗಿ, ಸಕ್ಕರೆ ಬಿಡಿಸಿದ ಬಳಿಕ ಕಲಸನ್ನು ಸುಮಾರು 76 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ನೀರಿನ ಮಂದತೆಯು 20 ಡಿಗ್ರಿಯಲ್ಲಿರುವುದಕ್ಕಿಂತ 75 ಡಿಗ್ರಿಯಲ್ಲಿ ಸುಮಾರು ಐದರಲ್ಲೆರಡು ಪಾಲಿಗೆ ಇಳಿಯುತ್ತದೆ. ರಸದ ವಿಷಯದಲ್ಲಿಯೂ ಶಾಖದ ಪರಿಣಾಮ ಅದೇ ದಿಕ್ಕಿನದು. ಅದಕ್ಕಿಂತ ಹೆಚ್ಚಿನ ಶಾಖವು ಹೊಟ್ಟಿನ ಒಗರನ್ನು ಎಳೆಯುತ್ತದೆ. ಮೂರನೆಯದಾಗಿ, ಮೊದಲು ಬರುವ ಕದಡಿದ ರಸವನ್ನು ಮೆಲ್ಲನೆ ಹಾಸಿನ ಮೇಲಕ್ಕೇ ಹೊಯ್ಯಬೇಕು. ಕೆಲವು ಬಾರಿಯ ಅನಂತರ ತಿಳಿ ಬರುತ್ತದೆ. ತೊಳೆಯುವ ಬಿಸಿನೀರನ್ನು ಹೊಯ್ಯುತ್ತಿರುವಾಗ ಹಾಸು ದ್ರವದಲ್ಲಿ ಮುಳುಗಿರಬೇಕು. ಹರಿವು ನಿಂತಲ್ಲಿ, ನಲ್ಲಿಯನ್ನು ಮುಚ್ಚಿ, ತಳದಿಂದ ಬಿಸಿನೀರು ತುಂಬಿಸಿ ಹಾಸನ್ನು ಎತ್ತಿ, ಕಲಕಿ, ಹತ್ತು ನಿಮಿಷ ನೆಲೆಗೊಳ್ಳಲು ಬಿಟ್ಟು ಮತ್ತೆ ಕಿರಿದಾಗಿ ತೆರೆಯಬೇಕು.

ಇನ್ನು ದಖನಿನ ಧಾನ್ಯಗಳ ಮಾತು. 1956ರವರೆಗೆ ಹೈದರಾಬಾದ್ ರಾಜ್ಯದೊಳಗಿದ್ದ ಬೀದರ, ಕಲಬುರಗಿ, ರಾಯಚೂರುಗಳ ಮುಖ್ಯ ಆಹಾರ ಜೋಳ. ದಕ್ಷಿಣದ ಜಿಲ್ಲೆಗಳದು ರಾಗಿ. ಇವೆರಡಕ್ಕೂ ಜವೆಯಂತೆ ಅಂಟಿಕೊಂಡ ಹೊಟ್ಟಿಲ್ಲ. ಆದುದರಿಂದ ಜವೆಗಾಗಿ ಮಾಡಿದ ಪಾತ್ರೆಯಲ್ಲಿ ಇವನ್ನಿಟ್ಟರೆ ಅಂಬಲಿಯಾಗುವುದೇ ಹೊರತು ರಸ ಇಳಿಯದು. ಇದು ಧಾನ್ಯದ ದೋಷವಲ್ಲ, ಉಪಕರಣದ ಹೊಂದಾಣಿಕೆಯ ಕೊರತೆ. ತೆಲಂಗಾಣದ ಅಕ್ಕಿ ಗಿರಣಿಗಳಲ್ಲಿ ಹೇರಳವಾಗಿರುವ ಭತ್ತದ ಹೊಟ್ಟನ್ನು ಚೆನ್ನಾಗಿ ತೊಳೆದು, ಕುದಿಸಿ, ಧಾನ್ಯದ ತೂಕದ ಶೇಕಡ 5ರಿಂದ 10ರಷ್ಟು ಬೆರೆಸಿದರೆ ಹಾಸಿಗೆ ಬೇಕಾದ ಸಡಿಲು ದೊರೆಯುತ್ತದೆ. ಜೋಳದ ಪಿಷ್ಟವು ಜವೆಯದಕ್ಕಿಂತ ಹೆಚ್ಚಿನ ಶಾಖದಲ್ಲಿ ಅರಳುವುದರಿಂದ, ಕಿಣ್ವವುಳ್ಳ ಮೇಲಿನ ತಿಳಿಯನ್ನು ಮೊದಲು ಬಗ್ಗಿಸಿಟ್ಟು, ಉಳಿದ ಗಸಿಯನ್ನು ಬೇಯಿಸಿ, ಆರಿಸಿ, ತಿಳಿಯನ್ನು ಮರಳಿ ಸೇರಿಸುವ ಕ್ರಮವೂ ಉಂಟು.

ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಇಲ್ಲಿಯ ಅಬಕಾರಿ ಕಾಯಿದೆಯಂತೆ ಅಪರಾಧ. ಆದರೆ ಹುದುಗದ ಸಿಹಿರಸವು ಮದ್ಯವಲ್ಲ. ಮಕ್ಕಳಿಗೂ ರೋಗಿಗಳಿಗೂ ಹಿತವಾದ ಮಾಲ್ಟ್ ಪಾನೀಯಕ್ಕೆ ಅದೇ ಮೂಲ. ರಾಗಿಯ ಮಾಲ್ಟನ್ನು ಕುರಿತು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಸಂಶೋಧನೆ ನಡೆದಿದೆ. ಜೋಳ, ಕಿರುಧಾನ್ಯಗಳ ಅಧ್ಯಯನಕ್ಕೆ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸ್ಥಾಪಿತವಾಯಿತು. ರಾಜೇಂದ್ರನಗರದಲ್ಲಿ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯಿದೆ. ಹೀಗೆ ಶಾಸ್ತ್ರವೂ ಧಾನ್ಯವೂ ಹೈದರಾಬಾದ್ ಕನ್ನಡಿಗರ ಬಾಗಿಲಲ್ಲೇ ಇವೆ. ಶಾಸ್ತ್ರವನ್ನು ಹೇಳಲು ಬೇಕಾದ ಮಾತು ಕನ್ನಡದಲ್ಲಿಲ್ಲವೆಂಬ ಅಳುಕಿಗೂ ಎಡೆಯಿಲ್ಲ. ಬಸಿ, ತಿಳಿ, ಗಸಿ, ಹೊಟ್ಟು, ಹಾಸು ಎಂಬ ಐದು ಪದಗಳಲ್ಲಿ ಈ ವಿದ್ಯೆಯ ಬಹುಭಾಗವು ಅಡಗಿದೆ. ಅವನ್ನು ಅಡುಗೆಮನೆಯಲ್ಲಿಯೇ ಬಿಟ್ಟು ಪ್ರಯೋಗಶಾಲೆಗೆ ಪರಭಾಷೆಯ ಪದಗಳನ್ನು ಹುಡುಕುತ್ತ ಹೋದರೆ, ನಷ್ಟವು ಭಾಷೆಗೂ ಉಂಟು, ವಿದ್ಯೆಗೂ ಉಂಟು.